ಕೆಳಗಿನ ಡ್ರಾಯರು

ಬ್ರನೋ ನಗರ. ಭೌತಶಾಸ್ತ್ರ ವಿಭಾಗದ ಮೂರನೆಯ ಮಹಡಿ.
ನನ್ನ ಮೇಜಿನ ಕೆಳಗಿನ ಡ್ರಾಯರು
ಸಲೀಸಾಗಿ ಮುಚ್ಚುವುದಿಲ್ಲ.
ಸಾಪೇಕ್ಷವಾದ ಸುಳ್ಳೆಂದು ಬರೆದವರೆಲ್ಲ ಅದರೊಳಗೆ:
ಹಸಿರು ಶಾಯಿ, ದೊಡ್ಡಕ್ಷರ,
ಅಡಿಗೆರೆ ಎಳೆದೆಳೆದು ಹರಿದ ಹಾಳೆ.
ಒಬ್ಬ ದಂತವೈದ್ಯ ಈಥರನ್ನು ಹಿಡಿದಿದ್ದಾನಂತೆ.
ಒಬ್ಬಳು, ಗಂಡ ಸತ್ತವಳು, ಬೆಳಕಿಗೂ ದಣಿವಿದೆ ಅನ್ನುತ್ತಾಳೆ.
ಅದನ್ನು ಓದಿದ ದಿನ ನಾನೂ ಬೇಗ ಮನೆಗೆ ಹೋದೆ.

ಹೊಸಬರಿಗೆ ಕೊಡುವ ಕೆಲಸ ಇದು, ಎರಡು ಸಾಲಿನ ಉತ್ತರ:
ತಮ್ಮ ಆಸಕ್ತಿಗೆ ಕೃತಜ್ಞರು.
ಸದ್ಯಕ್ಕೆ ನಮಗೆ ಸಮಯವಿಲ್ಲ.
ಕಾಲವೆಂದರೇನು ಎಂದವರಿಗೆ ಕಾಲವಿಲ್ಲವೆಂದು
ಹನ್ನೊಂದು ವರ್ಷ ರುಜು ಹಾಕಿದ್ದೇನೆ.
ಹೊಸಬಳಾಗಿಯೇ ಉಳಿದಿದ್ದೇನೆ.

ಒಟಾಕರ್ ವರ್ಜಾಲ್ ಬೇರೆ.
ಟಿಶ್ನೋವ್ ನಿಲ್ದಾಣದ ಸಿಗ್ನಲ್ ಕೋಣೆಯಲ್ಲಿ
ಮೂವತ್ತೊಂದು ವರ್ಷ ಸನ್ನೆಕೋಲು ಎಳೆದವನು.
ನೀಲಿ ಪೆನ್ಸಿಲು, ಹಳೆಯ ಟೈಂಟೇಬಲ್ಲಿನ ಹಿಂಬದಿ:
‘ಅಲ್ಲೊಂದು ಈಗ, ಇಲ್ಲೊಂದು ಈಗ ಇದ್ದಿದ್ದರೆ, ಮಾನ್ಯರೇ,
ಒಂಟಿ ಹಳಿಯ ಮೇಲೆ ನಾನು ಹೆಣ ಎಣಿಸಬೇಕಿತ್ತು.
ಎಣಿಸಲಿಲ್ಲ.
ಆದ್ದರಿಂದ ಈಗ ಎಂಬುದು ಒಂದೇ.’

ತಪ್ಪು. ಎಲ್ಲಿ ತಪ್ಪೆಂದು ಬೆರಳಿಟ್ಟು ತೋರಿಸಬಲ್ಲೆ.
ನಾನು ಬರೆದ ಹದಿನಾಲ್ಕು ಪ್ರಬಂಧಗಳಲ್ಲಿ
ಹಾಗೆ ಬೆರಳಿಡಲು ಯಾರಿಗೂ ಜಾಗ ಸಿಕ್ಕಿಲ್ಲ.
ಅದನ್ನು ನಾವು ಸೊಗಸು ಅನ್ನುತ್ತೇವೆ.
ಇನ್ನೊಂದು ಹತ್ತು ವರ್ಷ, ಅನ್ನುತ್ತಾರೆ ಪ್ರೊಫೆಸರ್ ಹೊಲೌಬೆಕ್,
ನಾನು ಹುಟ್ಟುವ ಮೊದಲೂ ಹಾಗೇ ಅನ್ನುತ್ತಿದ್ದರಂತೆ.

ಅಕ್ಟೋಬರಿನ ಒಂದು ಭಾನುವಾರ ರೈಲು ಹತ್ತಿದೆ.
ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ, ಅಂಗೈಯಲ್ಲಿ ಗಡಿಯಾರ.
‘ಆರು ನಿಮಿಷ,’ ಎಂದ. ನನಗಲ್ಲ, ರೈಲಿಗೆ.

ಅವನ ನೆಲಮಾಳಿಗೆ. ಉಪ್ಪಿನಲ್ಲಿಟ್ಟ ಸೌತೆಕಾಯಿ ಜಾಡಿಗಳ ನಡುವೆ
ನಿಲ್ದಾಣದಿಂದ ಹರಾಜಿನಲ್ಲಿ ತಂದ ಲೋಲಕದ ಗಡಿಯಾರ.
ಅದರ ಜೋಡಿ ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಕೋಣೆಯಲ್ಲಿ,
ನೂರು ಮೀಟರು ಎತ್ತರ.
ನಾಲ್ಕು ವರ್ಷದಿಂದ ಪ್ರತಿ ಭಾನುವಾರ
ಜೇಬುಗಡಿಯಾರ ಹೊತ್ತು ಹತ್ತುತ್ತಾನೆ, ಇಳಿಯುತ್ತಾನೆ, ಬರೆಯುತ್ತಾನೆ.
‘ಮೇಲಿನದು ಬೇಗ ಓಡಬೇಕು, ನಿಮ್ಮ ಪುಸ್ತಕದ ಪ್ರಕಾರ.
ನೋಡಿ. ವಾರಕ್ಕೆ ಆರು ಸೆಕೆಂಡು ಹಿಂದೆ.’

ಅಲ್ಲೇ ಲೆಕ್ಕ ಹಾಕಿ ತೋರಿಸಿದೆ:
ಆ ಎತ್ತರಕ್ಕೆ ಒಂದು ಸೆಕೆಂಡು ಹೆಚ್ಚಲು
ಮೂವತ್ತು ಲಕ್ಷ ವರ್ಷ ಕಾಯಬೇಕು.
ಕನ್ನಡಕ ತೆಗೆದ. ‘ನೀವು ನೋಡಿದ್ದೀರಾ?’
ನೋಡಿದವರಿದ್ದಾರೆ, ಪರಮಾಣು ಗಡಿಯಾರಗಳಿವೆ,
ನಿಮ್ಮ ಮೊಮ್ಮಗನ ಫೋನಿನ ನಕ್ಷೆ
ಇದನ್ನು ಮರೆತರೆ ದಾರಿಯನ್ನೇ ಮರೆಯುತ್ತದೆ...
‘ಇರಲಿ. ನೀವು?’
ಇಲ್ಲ.
‘ನಿಮ್ಮದೇ ಆ ಮಡಿಚಿಟ್ಟ ಆಯಾಮಗಳು?’
ಅವನ್ನು ಅಳೆಯುವ ಯಂತ್ರ ಈ ಭೂಮಿಯ ಮೇಲೆ ಹಿಡಿಸುವುದಿಲ್ಲ.
ನಗಲಿಲ್ಲ. ಗಸಗಸೆಯ ರೊಟ್ಟಿ ಇನ್ನೊಂದು ತುಂಡು ಕೊಯ್ದು ಬಡಿಸಿದ.
‘ಹಾಗಾದರೆ ನೀವೂ ಪತ್ರ ಬರೆಯುವವರೇ.’

ವಾಪಸು ರೈಲಿನಲ್ಲಿ, ಕತ್ತಲ ಕಿಟಕಿಯಲ್ಲಿ ನನ್ನದೇ ಮುಖ,
ಆ ಆರು ಸೆಕೆಂಡು ಬಿಡಲಿಲ್ಲ.
ಎಣ್ಣೆ ಇರಬಹುದು. ಚಳಿ ಇರಬಹುದು.
ಚಳಿಗೆ ಸರಳು ಕುಗ್ಗಿ ಬೇಗ ಓಡಬೇಕಲ್ಲ?
ಟಿಕೆಟಿನ ಹಿಂಬದಿಯಲ್ಲಿ ಗೀಚಿದೆ.
ನೂರು ಮೀಟರು ಮೇಲೆ ಭೂಮಿಯ ಹಿಡಿತ ಕೂದಲೆಳೆಯಷ್ಟು ಸಡಿಲ;
ಸಡಿಲವಾದರೆ ಲೋಲಕ ನಿಧಾನ;
ಎಷ್ಟು ನಿಧಾನ?
ಗುಡ್ಡದ ಭಾರವನ್ನೂ ಸೇರಿಸಿದರೆ,
ಹೆಚ್ಚುಕಡಿಮೆ ಆರು.

ಮೂವತ್ತು ಲಕ್ಷ ವರ್ಷದ ಸಂಗತಿಯನ್ನು ಹುಡುಕಲು ಹೊರಟು
ಮುನ್ನೂರು ವರ್ಷ ಹಳೆಯದೊಂದನ್ನು
ಮಂಡಿನೋವಿನಲ್ಲಿ ಹೊತ್ತು ತಂದಿದ್ದಾನೆ ಮುದುಕ,
ತಿಳಿಯದೆ, ಬರಿಗೈಯಲ್ಲಿ, ನೀಲಿ ಪೆನ್ಸಿಲಿನಲ್ಲಿ.
ಅಥವಾ ಅದು ಬರೀ ಎಣ್ಣೆ.

ಸೋಮವಾರ ಎರಡು ಸಾಲಿನ ಉತ್ತರ ಹರಿದು ಹಾಕಿದೆ.
ಬರೆದೆ: ಗಡಿಯಾರಗಳನ್ನು ಅದಲುಬದಲು ಮಾಡಿ.
ಮೇಲಿನದು ಕೆಳಗೆ, ಕೆಳಗಿನದು ಮೇಲೆ. ನಾಲ್ಕು ವಾರ.
ಆಗಲೂ ಮೇಲಿದ್ದದ್ದೇ ಹಿಂದೆ ಬಿದ್ದರೆ ದಯವಿಟ್ಟು ತಿಳಿಸಿ.

ಇದು ಐದನೆಯ ವಾರ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಅಂಚೆಯವಳ ಹೆಜ್ಜೆಗೆ ಕಿವಿ ಕೊಟ್ಟು ಕೂತಿದ್ದೇನೆ,
ಒಂದು ಅಂಕಿಗಾಗಿ.
ಡ್ರಾಯರು ಅರ್ಧ ತೆರೆದೇ ಇದೆ.